ಮಕ್ಕಳ ಕ್ಷಯ ಸೋಂಕು: ಲೆಕ್ಕಪತ್ರದಲ್ಲಿ ಕಾಣದ ಹೊಣೆ

ವಾರ್ಷಿಕ ಲೆಕ್ಕಪತ್ರ ಸಿದ್ಧಪಡಿಸುವಾಗ ಆಸ್ತಿ-ಹೊಣೆ ಪಟ್ಟಿಯ ಕೆಳಗೆ ‘ಸಂಭಾವ್ಯ ಹೊಣೆ’ಗಳ ಬಗ್ಗೆ ಒಂದು ಟಿಪ್ಪಣಿ ಬರೆಯುವುದು ನಮ್ಮ ವೃತ್ತಿಯ ವಾಡಿಕೆ. ಇಂದು ತೆರಬೇಕಾದುದಲ್ಲ, ಆದರೆ ನಾಳೆ ತೆರಬೇಕಾಗಿ ಬರಬಹುದು. ಮಕ್ಕಳಲ್ಲಿನ ಕ್ಷಯ ಸೋಂಕು ಇಂತಹ ಹೊಣೆಯೇ. ರೋಗಾಣು ದೇಹ ಸೇರಿದ ಮಾತ್ರಕ್ಕೆ ಮಗು ರೋಗಿಯಾಗುವುದಿಲ್ಲ. ಆದರೆ ಐದು ವರ್ಷದೊಳಗಿನ ಮಗುವಿನಲ್ಲಿ, ಅದರಲ್ಲೂ ಹೊಟ್ಟೆಗೆ ಸಾಲದ ಮಗುವಿನಲ್ಲಿ, ಸೋಂಕು ಬೇಗನೆ ರೋಗವಾಗಿ ಮಾರ್ಪಟ್ಟು ಮೆದುಳಿನ ಪೊರೆಯವರೆಗೂ ಹರಡುವ ಅಪಾಯವಿದೆ. ಚಿಕ್ಕ ಮಕ್ಕಳು ಕಫ ಉಗುಳಲಾರರಾದ್ದರಿಂದ ರೋಗ ಪತ್ತೆಯೂ ಕಷ್ಟ.

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸೋಂಕಿನ ವೇಗವನ್ನು ಅಳೆಯಲು ಮಕ್ಕಳನ್ನೇ ಆರಿಸಿಕೊಂಡಿತು. ಇದರ ತರ್ಕ ಲೆಕ್ಕಿಗರಿಗೆ ಸುಲಭವಾಗಿ ಅರ್ಥವಾಗುತ್ತದೆ. ವಯಸ್ಕರಲ್ಲಿನ ಸೋಂಕು ಹಲವು ದಶಕಗಳ ಸಂಚಿತ ಬಾಕಿ. ಮಗುವಿನಲ್ಲಿನ ಸೋಂಕು ಇತ್ತೀಚಿನ ವರ್ಷಗಳ ಚಾಲ್ತಿ ಖಾತೆ. 2000-03ರ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ ವರ್ಷಕ್ಕೆ ಶೇ. 1.5ರಷ್ಟಿದ್ದ ಸೋಂಕಿನ ಅಪಾಯ 2009-10ರಲ್ಲಿ ಶೇ. 1.0ಕ್ಕೆ ಇಳಿದಿತ್ತು. ಇಳಿಕೆ ಸಮಾಧಾನಕರವಾದರೂ, ಸೋಂಕಿತ ಪ್ರತಿ ಮಗುವೂ ಚಿಕಿತ್ಸೆ ತಲುಪದೆ ಕೆಮ್ಮುತ್ತಿದ್ದ ಒಬ್ಬ ವಯಸ್ಕರತ್ತ ಬೆರಳು ತೋರುತ್ತದೆ.

ಆ ವಯಸ್ಕರು ಯಾರು? ನಮ್ಮ ಸೀಮೆಯಲ್ಲಿ ಉತ್ತರ ದೂರವಿಲ್ಲ. ಕೋಲಾರ ಚಿನ್ನದ ಗಣಿಯ ಸಿಲಿಕಾ ಧೂಳು ಕಾರ್ಮಿಕರ ಶ್ವಾಸಕೋಶವನ್ನು ಕೆಡಿಸಿತು. ಸಿಲಿಕೋಸಿಸ್ ಇದ್ದೆಡೆ ಕ್ಷಯದ ಅಪಾಯ ಹೆಚ್ಚೆಂಬುದು ವೈದ್ಯಲೋಕಕ್ಕೆ ತಿಳಿದ ಸಂಗತಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಮನೆತನಗಳ ಮುಂದಿನ ಪೀಳಿಗೆ ಬೆಂಗಳೂರಿನ ರೈಲು ಹಿಡಿಯಿತು. ಕೆ.ಜಿ.ಎಫ್., ಬಂಗಾರಪೇಟೆ, ಕಾಮಸಮುದ್ರಗಳಿಂದ ಮುಂಜಾನೆ ಹೊರಟು ಕತ್ತಲಾದ ಮೇಲೆ ಮರಳುವ ದುಡಿಮೆಗಾರನಿಗೆ ಎರಡು ವಾರದ ಕೆಮ್ಮನ್ನು ಪರೀಕ್ಷಿಸಿಕೊಳ್ಳಲು ಒಂದು ದಿನದ ಕೂಲಿ ಬಿಡಬೇಕಾಗುತ್ತದೆ. ರೋಗ ಬಯಲಾದರೆ ಕೆಲಸ ಹೋದೀತೆಂಬ ಭಯ ಬೇರೆ. ಹೀಗೆ ತಡವಾದಷ್ಟೂ ಪಕ್ಕದಲ್ಲಿ ಮಲಗುವ ಮಗುವಿಗೆ ಸೋಂಕು. ಕಡೆಗೆ ಆತ ಹಾಸಿಗೆ ಹಿಡಿದಾಗ ಮನೆಯ ಆದಾಯ ನಿಲ್ಲುತ್ತದೆ. ಮಗುವಿಗೆ ಆಹಾರ ಅತ್ಯವಶ್ಯವಾದ ತಿಂಗಳುಗಳಲ್ಲೇ ಅಡುಗೆಮನೆ ಬರಿದಾಗುತ್ತದೆ.

ಆಹಾರಕ್ಕೂ ಕ್ಷಯಕ್ಕೂ ಇರುವ ನಂಟನ್ನು ಪ್ರಯೋಗದಿಂದ ತೋರಿಸಿಕೊಟ್ಟ ಕೀರ್ತಿ ಬಹುಮಟ್ಟಿಗೆ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಹಾಗೂ ಅವರ ಸಹೋದ್ಯೋಗಿಗಳದು. ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಅವರು ಗಮನಿಸಿದರು. ರೋಗಿಗೆ ಎಲ್ಲ ಮನೆಗಳಲ್ಲೂ ಪಡಿತರ ದೊರೆಯಿತು; ಒಂದು ಗುಂಪಿನ ಮನೆಗಳಲ್ಲಿ ಮಾತ್ರ ಮನೆಮಂದಿಗೂ ಕೊಡಲಾಯಿತು. ವಯಸ್ಕರೊಬ್ಬರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, 1.5 ಕಿಲೋ ತೊಗರಿಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ, ಇಷ್ಟೇ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮನೆಗಳಲ್ಲಿ ಹೊಸ ಕ್ಷಯ ಪ್ರಕರಣಗಳು ಶೇ. 39ರಷ್ಟು ಕಡಿಮೆಯಾದವು. ಯಾವ ದುಬಾರಿ ಯಂತ್ರವೂ ಬೇಕಾಗಲಿಲ್ಲ. ಬಂಗಾರಪೇಟೆಯ ಮಂಡಿಯಲ್ಲಿ ದೊರೆಯುವ ಸರಕೇ ಸಾಕಾಯಿತು.

ಸರ್ಕಾರವು ನಿಕ್ಷಯ್ ಪೋಷಣ್ ಯೋಜನೆಯಡಿ 2018ರಿಂದ ರೋಗಿಗೆ ತಿಂಗಳಿಗೆ ರೂ. 500 ನೀಡುತ್ತಿತ್ತು, 2024ರ ನವೆಂಬರಿನಿಂದ ಅದು ರೂ. 1,000 ಆಗಿದೆ. ಆ ಹಣ ರೋಗಿಯದು. ಮನೆಮಂದಿಗೆ ಆಹಾರ ನೀಡಲು ‘ನಿಕ್ಷಯ್ ಮಿತ್ರ’ ವ್ಯವಸ್ಥೆಯಲ್ಲಿ ದಾನಿಗಳಿಗೆ ಈಗ ಅವಕಾಶವಿದೆ. ಈ ಬಾಗಿಲಿನಲ್ಲಿ ವರ್ತಕ ಸಮುದಾಯ ಪ್ರವೇಶಿಸಬೇಕೆಂಬುದು ನನ್ನ ವಿನಂತಿ.

ಅದಕ್ಕಾಗಿ ಕೆಲವು ಮಾತು. ಒಂದು: ಕ್ಷಯಪೀಡಿತ ಕೆಲಸಗಾರನನ್ನು ತೆಗೆಯದೆ, ಚಿಕಿತ್ಸೆಯ ಆರು ತಿಂಗಳು ಆತನ ಸ್ಥಾನವನ್ನು ಕಾಯ್ದಿರಿಸೋಣ. ಎರಡು: ಪಡಿತರವು ಇಡೀ ಮನೆಗೆ, ಆರು ತಿಂಗಳು ತಪ್ಪದೆ ತಲುಪಲಿ, ವೇದಿಕೆ ಹಾಕಿ ಛಾಯಾಚಿತ್ರ ತೆಗೆಸಿದರೆ ಮುಂದಿನ ರೋಗಿ ಬಚ್ಚಿಟ್ಟುಕೊಳ್ಳುತ್ತಾನೆ. ಮೂರು: ಮೊಟ್ಟೆ ತಿನ್ನುವ ಮನೆಗೆ ಮೊಟ್ಟೆಯನ್ನೂ ಕೊಡೋಣ, ನಮ್ಮ ಆಚಾರವನ್ನು ಹಸಿದ ಮಗುವಿನ ತಟ್ಟೆಯ ಮೇಲೆ ಹೇರುವುದು ಸಲ್ಲದು. ನಾಲ್ಕು: ಮನೆಯ ಮಕ್ಕಳನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ರೋಗವಿಲ್ಲವೆಂದು ಖಚಿತವಾದ ಬಳಿಕ ಉಚಿತ ಮುಂಜಾಗ್ರತಾ ಚಿಕಿತ್ಸೆ ಕೊಡಿಸಲು ನೆರವಾಗೋಣ. ಆಹಾರವು ಔಷಧಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ತೆರಿಗೆಯ ಮಾತನ್ನೂ ಹೇಳಿಬಿಡುತ್ತೇನೆ. ಕಂಪನಿ ಕಾಯ್ದೆಯ 135ನೇ ಪ್ರಕರಣದ ಶೇ. 2ರ ಕಡ್ಡಾಯ ವೆಚ್ಚವು ನಮ್ಮ ಬಹುಪಾಲು ಸದಸ್ಯರಿಗೆ ಅನ್ವಯಿಸದು. ಅಕ್ಕಿ-ಬೇಳೆಯ ರೂಪದ ದಾನಕ್ಕೆ ಆದಾಯ ತೆರಿಗೆಯಲ್ಲಿ ಕಡಿತವೂ ಇಲ್ಲ. ಆದ್ದರಿಂದ ಮಾರ್ಚ್ ಕೊನೆಯಲ್ಲಿ ಆ ಬಿಲ್ಲು ಹಿಡಿದು ಯಾರೂ ನನ್ನ ಕಚೇರಿಗೆ ಬರುವುದು ಬೇಡ. ಅದನ್ನು ಸ್ವಂತ ಖಾತೆಗೇ ಖರ್ಚು ಬರೆದುಕೊಳ್ಳಿ. ಕಾಮಸಮುದ್ರದ ಒಂದು ಮನೆಯಲ್ಲಿ ಒಂದು ಮಗು ರೋಗಕ್ಕೆ ತುತ್ತಾಗದೆ ಶಾಲೆಯ ಮೆಟ್ಟಿಲೇರಿದರೆ ಆ ಖರ್ಚು ಸಾರ್ಥಕ.