‘ಏನೂ ಆಗಿಲ್ಲ’ ಎಂಬ ಫೈರ್‌ವಾಲ್

ನಮ್ಮೂರು ಉಗಾರ ಬುದ್ರುಕ. ಕೃಷ್ಣಾ ದಂಡೆಯ ಊರು, ಕಬ್ಬಿನ ಊರು. ಹೊಳೆ ಹಿಡಿದು ಕೆಳಗೆ ಹೋದರೆ ಆಲಮಟ್ಟಿ. ಅದರ ಹಿನ್ನೀರನ್ನೇ ನಂಬಿರುವ ಕೂಡಗಿ ಶಾಖೋತ್ಪನ್ನ ಸ್ಥಾವರ, 2,400 ಮೆಗಾವ್ಯಾಟ್. ಇನ್ನೂ ಕೆಳಗೆ ನಾರಾಯಣಪುರ. ಅಲ್ಲಿನ ಎಡದಂಡೆ ಕಾಲುವೆಯ ಗೇಟುಗಳಿಗೆ ಈಗ ಸ್ಕಾಡಾ ವ್ಯವಸ್ಥೆ ಬಂದಿದೆ, ಅಂದರೆ ದೂರದಲ್ಲಿ ಕೂತು ಕಂಪ್ಯೂಟರಿನಿಂದಲೇ ಗೇಟು ಏರಿಸಬಹುದು, ಇಳಿಸಬಹುದು. 2023ರ ಜನವರಿಯಲ್ಲಿ ಪ್ರಧಾನಿಯವರೇ ಕೊಡೇಕಲ್‌ಗೆ ಬಂದು ಉದ್ಘಾಟನೆ ಮಾಡಿ ಹೋದರು.

ಒಟ್ಟಿನಲ್ಲಿ ನಮ್ಮ ಹೊಳಿ ಈಗ ಅರ್ಧ ನೀರು, ಅರ್ಧ ಸಾಫ್ಟ್‌ವೇರ್.

ನೀರಿನ ಅರ್ಧಕ್ಕೆ ಒಂದು ಪದ್ಧತಿ ಇದೆ. ಮೇಲೆ ಮಹಾರಾಷ್ಟ್ರದಲ್ಲಿ ಕೊಯ್ನಾದಿಂದ ನೀರು ಬಿಟ್ಟರೆ ಎಷ್ಟು ಕ್ಯೂಸೆಕ್ ಅಂತ ಕೆಳಗಿನವರಿಗೆ ಹೇಳಲೇಬೇಕು. ಆ ಅಂಕಿ ಕೇಳಿಯೇ ನಮ್ಮ ಮಂದಿ ದನ ಬಿಚ್ಚುತ್ತಾರೆ, ಪಂಪ್‌ಸೆಟ್ ಮೇಲಕ್ಕೆ ತರುತ್ತಾರೆ, ಕುಡಚಿ ಸೇತುವೆ ಮುಳುಗುವ ಮೊದಲೇ ದಾಟಿಕೊಳ್ಳುತ್ತಾರೆ. ಸಾಫ್ಟ್‌ವೇರ್ ಅರ್ಧಕ್ಕೆ ಇಂಥ ಪದ್ಧತಿಯೇ ಇಲ್ಲ. ಅಲ್ಲಿ ಮೇಲಿನವರು ಕೆಳಗಿನವರಿಗೆ ಹೇಳೋದು ಒಂದೇ ಮಾತು: “ಏನೂ ಆಗಿಲ್ಲ.”

ಉತ್ಪ್ರೇಕ್ಷೆ ಅನ್ನಿಸಿದರೆ ಕೇಳಿ.

2019ರ ಅಕ್ಟೋಬರ್ 29. ಕೂಡಂಕುಳಂ ಅಣುಸ್ಥಾವರದವರು ಹೇಳಿದರು: ನಮ್ಮ ನಿಯಂತ್ರಣ ವ್ಯವಸ್ಥೆ ಹೊರಗಿನ ನೆಟ್‌ವರ್ಕಿಗೆ ಸೇರಿಲ್ಲ, ಅದರ ಮೇಲೆ ಸೈಬರ್ ದಾಳಿ ಸಾಧ್ಯವೇ ಇಲ್ಲ. ಮರುದಿನವೇ ಅಣುವಿದ್ಯುತ್ ನಿಗಮ ಒಪ್ಪಿಕೊಂಡಿತು: ಮಾಲ್‌ವೇರ್ ಸಿಕ್ಕಿದ್ದು ನಿಜ, ಆಡಳಿತ ವಿಭಾಗದ ಒಂದು ಕಂಪ್ಯೂಟರಿನಲ್ಲಿ, ಸೆರ್ಟ್-ಇನ್ ಸೆಪ್ಟೆಂಬರ್ 4ಕ್ಕೇ ತಿಳಿಸಿತ್ತು. ಅಂದರೆ ಸುಮಾರು ಎಂಟು ವಾರ ಗೊತ್ತಿದ್ದ ಸಂಗತಿ. ಇದೇ ನಿಗಮವೇ ನಮ್ಮ ಕೈಗಾವನ್ನೂ ನಡೆಸೋದು, ನೆನಪಿರಲಿ.

2021ರ ಫೆಬ್ರುವರಿ 28. ರೆಕಾರ್ಡೆಡ್ ಫ್ಯೂಚರ್ ಎಂಬ ಅಮೆರಿಕದ ಕಂಪನಿ ವರದಿ ಹೊರಡಿಸಿತು. ಚೀನಾಕ್ಕೆ ನಂಟಿರುವ ಗುಂಪೊಂದು ಭಾರತದ ವಿದ್ಯುತ್ ಜಾಲಕ್ಕೆ ಗುರಿಯಿಟ್ಟಿದೆ ಅಂತ. ಆ ಪಟ್ಟಿಯಲ್ಲಿ ಬೆಂಗಳೂರಿನ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರ ಇತ್ತು, ನಮ್ಮ ಕೂಡಗಿಯೂ ಇತ್ತು. ಗುರಿಯಿಟ್ಟರು ಅಂದಮಾತ್ರಕ್ಕೆ ಒಳಗೆ ಬಂದರು ಅಂತಲ್ಲ, ಸರಿ. ಮರುದಿನ ಕೇಂದ್ರ ಇಂಧನ ಸಚಿವಾಲಯದ ಉತ್ತರ: ಪೊಸೊಕೊ ಕೆಲಸಕ್ಕೆ ಯಾವ ತೊಂದರೆಯೂ ಆಗಿಲ್ಲ, ಮಾಹಿತಿ ಹೋಗಿಲ್ಲ. ಆದರೆ ಅದೇ ಹೇಳಿಕೆಯಲ್ಲಿ ಇನ್ನೊಂದು ಸಾಲಿತ್ತು. ಪೊಸೊಕೊದ ಕೆಲವು ನಿಯಂತ್ರಣ ಕೇಂದ್ರಗಳಲ್ಲಿ ಶ್ಯಾಡೋಪ್ಯಾಡ್ ಮಾಲ್‌ವೇರ್ ಅಪಾಯವಿದೆ ಅಂತ ಸೆರ್ಟ್-ಇನ್ 2020ರ ನವೆಂಬರ್ 19ಕ್ಕೇ ಮೇಲ್ ಮಾಡಿತ್ತು! ವಿದೇಶಿ ಕಂಪನಿ ಬಾಯಿ ಬಿಡದಿದ್ದರೆ ನಿಮಗೂ ನನಗೂ ಈ ಮೇಲ್ ಸುದ್ದಿ ಬರ್ತಿತ್ತಾ?

ಯಾಕೆ ಹೀಗೆ? ಅಧಿಕಾರಿಗಳೆಲ್ಲ ದಡ್ಡರು ಅಂತಲ್ಲ. ವ್ಯವಸ್ಥೆ ಅವರಿಗೆ ಕಲಿಸಿದ್ದೇ ಇದು. ಟೆಂಡರ್ ಎಲ್-1ಗೆ, ಆಡಿಟ್ ಸರ್ಟಿಫಿಕೇಟ್ ಫೈಲಿಗೆ. ಪ್ಯಾಚ್ ಹಾಕಲು ಯಾರ ಸಹಿ ಬೇಕು ಅಂತ ತೀರ್ಮಾನ ಆಗುವಷ್ಟರಲ್ಲಿ ಸಾಹೇಬರಿಗೆ ವರ್ಗಾವಣೆ. ತೂತು ಕಂಡು ಬರೆದಿಟ್ಟವನಿಗೆ “ಇಷ್ಟು ದಿನ ಏನ್ ಮಾಡ್ತಿದ್ದಿ?” ಅಂತ ನೋಟಿಸ್, ಸುಮ್ಮನಿದ್ದವನಿಗೆ ನೆಮ್ಮದಿಯ ನಿವೃತ್ತಿ. ಯಾರು ಬರೀತಾರೆ ಹೇಳಿ?

ಕಾನೂನೂ ಒನ್‌ವೇ. 2022ರ ಏಪ್ರಿಲ್ ಆದೇಶದ ಪ್ರಕಾರ ದಾಳಿಯಾದರೆ ಆರು ಗಂಟೆಯೊಳಗೆ ಸೆರ್ಟ್-ಇನ್‌ಗೆ ವರದಿ ಮಾಡಬೇಕು. ಒಳ್ಳೇದೇ. ಆದರೆ 2023ರ ನವೆಂಬರ್‌ನಲ್ಲಿ ಸೆರ್ಟ್-ಇನ್ ಅನ್ನೇ ಮಾಹಿತಿ ಹಕ್ಕಿನ ವ್ಯಾಪ್ತಿಯಿಂದ ಹೊರಗಿಟ್ಟರು. ವರದಿ ಒಳಗೆ ಹೋಗುತ್ತೆ. ಹೊರಗೇನೂ ಬರಲ್ಲ.

“ಹಂಗಾದ್ರ ಶತ್ರುವಿಗೆ ಎಲ್ಲಾ ಹೇಳಿಬಿಡೋಣೇನು?” ಅಂತ ಕೇಳುವವರಿದ್ದಾರೆ. ಸ್ವಾಮಿ, ಒಳಗೆ ಬಂದವನಿಗೆ ತಾನು ಹೇಗೆ ಬಂದೆ ಅಂತ ಮೊದಲೇ ಗೊತ್ತು. ಗೊತ್ತಿಲ್ಲದಿರೋದು ಪಕ್ಕದ ಸಬ್‌ಸ್ಟೇಷನ್ನಿನ ಇಂಜಿನಿಯರಿಗೆ, ಕಾಲುವೆಯ ಕಂಟ್ರೋಲ್ ರೂಮಿನಲ್ಲಿ ಗುತ್ತಿಗೆ ಮೇಲೆ ಕೂತ ಹುಡುಗನಿಗೆ. ಗುಟ್ಟು ಕಾಯೋದು ಶತ್ರುವಿನಿಂದಲ್ಲ, ನಮ್ಮವರಿಂದಲೇ.

ಉಕ್ರೇನ್ ನೋಡಿ. 2015ರ ಡಿಸೆಂಬರ್ 23ರಂದು ಹ್ಯಾಕರ್‌ಗಳು ಮೂರು ವಿದ್ಯುತ್ ವಿತರಣಾ ಕಂಪನಿಗಳೊಳಗೆ ನುಗ್ಗಿ ಸುಮಾರು 2.25 ಲಕ್ಷ ಗ್ರಾಹಕರ ಕರೆಂಟ್ ತೆಗೆದರು. ಕೆಲವೇ ಗಂಟೆಗಳಲ್ಲಿ ಅದು ವಾಪಸ್ ಬಂದದ್ದು ನೌಕರರು ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದ ಸ್ವಿಚ್ ಹಾಕಿದ್ದರಿಂದ. ಮೂರು ತಿಂಗಳೊಳಗೆ ದಾಳಿಯ ವಿವರ ಪ್ರಕಟವಾಯಿತು: ಮೇಲ್‌ನಲ್ಲಿ ಬಂದ ಆಫೀಸ್ ಫೈಲ್, ಕದ್ದ ಪಾಸ್‌ವರ್ಡ್, ದೂರದಿಂದ ಒತ್ತಿದ ಬ್ರೇಕರ್. ಯುದ್ಧದ ನಡುವೆ ಇದ್ದ ದೇಶದ ಈ ಪಾಠವನ್ನು ಜಗತ್ತಿನ ವಿದ್ಯುತ್ ಇಂಜಿನಿಯರುಗಳೆಲ್ಲ ಓದಿದರು. ಕೂಡಂಕುಳಂನಿಂದ ಕೈಗಾದ ಪಕ್ಕದ ಊರಿನವರು ಓದಬಹುದಾದ ಪಾಠ ಎಲ್ಲಿದೆ?

ನಾವು ಐಟಿ ಮಂದಿಗೆ ಇದು ಹೊಸದಲ್ಲ. ರಾತ್ರಿ ಪ್ರೊಡಕ್ಷನ್ ಬಿದ್ದರೆ ಬೆಳಿಗ್ಗೆ ಆರ್‌ಸಿಎ ಬರೀತೀವಿ: ಏನಾಯ್ತು, ಯಾಕಾಯ್ತು, ಮತ್ತೆ ಆಗದಂತೆ ಏನು ಮಾಡಿದ್ವಿ. ಪಿಜ್ಜಾ ಆರ್ಡರ್ ತಡವಾದದ್ದಕ್ಕೂ ಬರೀತೀವಿ. ವಿಮಾನ ಬಿದ್ದರೆ ಸರಕಾರವೂ ತನಿಖಾ ವರದಿ ಪ್ರಕಟಿಸುತ್ತೆ. ವಿದ್ಯುತ್ ಜಾಲಕ್ಕೆ, ಅಣೆಕಟ್ಟೆಗೆ ಯಾಕಿಲ್ಲ?

ಬೇಡಿಕೆ ಮೂರೇ. ತೂತು ಮುಚ್ಚಿದ ಮೇಲೆ, ತೊಂಬತ್ತು ದಿನದೊಳಗೆ, ಆರ್‌ಸಿಎ ಪ್ರಕಟಿಸಿ. ತಾನಾಗಿ ವರದಿ ಮಾಡಿದ ನೌಕರನಿಗೆ ನೋಟಿಸ್ ಕೊಡಬೇಡಿ. ಕಂಪ್ಯೂಟರಿನಿಂದ ನಡೆಯುವ ಪ್ರತಿ ಗೇಟಿಗೂ ಕೈಯಿಂದ ತಿರುಗಿಸುವ ಚಕ್ರ ಇರಲಿ, ವರ್ಷಕ್ಕೊಮ್ಮೆ ಅದನ್ನು ತಿರುಗಿಸಿ ನೋಡುವ ಮನುಷ್ಯನೂ ಇರಲಿ.

ಮುಂದಿನ ಸಲ “ಏನೂ ಆಗಿಲ್ಲ” ಅಂತ ಪತ್ರಿಕಾ ಪ್ರಕಟಣೆ ಬಂದಾಗ ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ. ನಿಮ್ಮ ಮ್ಯಾನೇಜರ್ ನಿಮಗೆ ಕೇಳುವ ಪ್ರಶ್ನೆಯನ್ನೇ ಸರಕಾರಕ್ಕೆ ಕೇಳಿ: ಆರ್‌ಸಿಎ ಎಲ್ಲಿ?