ಬಿದ್ದವರ ಲೆಕ್ಕ ಎಲ್ಲಿದೆ?

ಹಾಸ್ಟೆಲಿನ ಗೆಳೆಯರೇ,

ಹೊಸಹೊಳಲಿಗೆ ಬರುವ ಜನ ಲಕ್ಷ್ಮೀನಾರಾಯಣ ಗುಡಿಯ ಗೋಡೆ ನೋಡಿ, ಹೊಯ್ಸಳರ ಕೆತ್ತನೆ ಹೊಗಳಿ ಬಸ್ಸು ಹತ್ತುತ್ತಾರೆ. ನಾವು ಸುತ್ತಲ ತೆಂಗಿನ ತೋಟ ನೋಡೋಣ. ತೋಟ ಯಾರದು? ಮರ ಹತ್ತುವವನು ಯಾರು? ಎತ್ತರದ ತಳಿಯ ತೆಂಗು 60 ಅಡಿ ದಾಟುತ್ತೆ. ಹತ್ತುವವನ ಹತ್ತಿರ ಇರೋದು ಒಂದು ಮಚ್ಚು, ಕಾಲಿಗೊಂದು ಹಗ್ಗ. ಸೊಂಟಕ್ಕೆ ಬೆಲ್ಟು ಇಲ್ಲ. ಮಳೆಗೆ ಮರ ಜಾರುತ್ತೆ, ಒಣಗಿದ ಗರಿ ಹಿಡಿದರೆ ಕಿತ್ತು ಬರುತ್ತೆ. ಬಿದ್ದರೆ ಊರು ಹೇಳೋ ಮಾತು ಒಂದೇ: "ಅವನ ಹಣೇಲಿ ಬರೆದಿತ್ತು."

ಇದು ಹಣೆಬರಹ ಅಲ್ಲ. ಬೆನ್ನುಹುರಿಗೆ ಬಿದ್ದ ಪೆಟ್ಟು. ಬೆನ್ನುಹುರಿ ಅಂದರೆ ಮಿದುಳಿನಿಂದ ಬೆನ್ನುಮೂಳೆಯ ಒಳಗೆ ಇಳಿದು ಬರುವ ನರಗಳ ಕಟ್ಟು. ಕುತ್ತಿಗೆಯಲ್ಲಿ ಜಜ್ಜಿದರೆ ಕೈಕಾಲು ನಾಲ್ಕೂ ಹೋಗಬಹುದು, ಕೆಳಗೆ ಜಜ್ಜಿದರೆ ಕಾಲು. ಜೊತೆಗೆ ಉಚ್ಚೆ, ಕಕ್ಕಸಿನ ಹಿಡಿತ ತಪ್ಪುತ್ತೆ. ಸತ್ತ ನರವನ್ನು ಮತ್ತೆ ಚಿಗುರಿಸುವ ಔಷಧಿ ಇನ್ನೂ ಬಂದಿಲ್ಲ. (ಎಣ್ಣೆ ತಿಕ್ಕುವವರು, ಹರಕೆ ಹೊರಿಸುವವರು ಮಾತ್ರ ಬೇಗ ಬರುತ್ತಾರೆ.)

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷದಿಂದ ಐದು ಲಕ್ಷ ಜನರ ಬೆನ್ನುಹುರಿ ಘಾಸಿಯಾಗುತ್ತದೆ. ಹೆಚ್ಚಿನ ಪಾಲು ಪೆಟ್ಟಿನಿಂದಲೇ. ಹೆಂಗಸರಿಗಿಂತ ಗಂಡಸರು ಎರಡರಷ್ಟು. ಗಂಡಸರಲ್ಲಿ 20ರಿಂದ 29ರ ವಯಸ್ಸಿನವರಿಗೆ ಅಪಾಯ ಜಾಸ್ತಿ, ಅಂದರೆ ನಮ್ಮ ನಿಮ್ಮ ವಯಸ್ಸು. ನಮ್ಮ ದೇಶದ ಲೆಕ್ಕವೋ, ಬಹುಪಾಲು ದೊಡ್ಡ ಆಸ್ಪತ್ರೆಗಳ ದಾಖಲೆ. ಆಸ್ಪತ್ರೆ ಮುಟ್ಟದವನು ಲೆಕ್ಕಕ್ಕೇ ಬರೋದಿಲ್ಲ.

ಆ ದಾಖಲೆಗಳಲ್ಲೂ ಬಹಳ ಕಡೆ ಮೊದಲನೇ ಕಾರಣ ಎತ್ತರದಿಂದ ಬೀಳೋದು. ಮರ, ಮಾಳಿಗೆ, ಗಾರೆ ಕೆಲಸದ ಸಾರ್ವೆ, ಕಟ್ಟೆ ಇಲ್ಲದ ಬಾವಿ. ಆಮೇಲೆ ರಸ್ತೆ. ಬಾಂಗ್ಲಾದೇಶದ ದಾಖಲೆಗಳಲ್ಲಿ ತಲೆ ಮೇಲೆ ಹೊರೆ ಹೊತ್ತು ಬಿದ್ದವರದೇ ಒಂದು ದೊಡ್ಡ ಗುಂಪು. ಕಬ್ಬಿನ ಹೊರೆ ಹೊತ್ತು ಹಲಗೆ ಮೇಲೆ ಲಾರಿ ಹತ್ತುವವರು ನಮ್ಮ ಕಡೆ ಎಷ್ಟು ಜನ ಇದ್ದಾರೆ, ಯೋಚನೆ ಮಾಡಿ. ಕೆಲಸ ಕೊಟ್ಟವರು ಇದನ್ನು ಅಪಘಾತ ಅಂತಾರೆ. ನಾವು ಕೂಲಿಯ ಗಾಯ ಅಂತೀವಿ.

ಮೊದಲ ಪೆಟ್ಟು ಮರದ್ದು, ಎರಡನೇದು ಊರಿನದು. ರಟ್ಟೆಗೊಬ್ಬ ಕಾಲಿಗೊಬ್ಬ ಹಿಡಿದು, ಮೈ ಮಡಿಸಿ ಆಟೋಕ್ಕೆ ತುರುಕುತ್ತಾರೆ. ಮುರಿದ ಮೂಳೆ ಉಳಿದ ಹುರಿಯನ್ನೂ ಆಗ ಜಜ್ಜಬಹುದು. ಬಿದ್ದವನನ್ನು ಕೂರಿಸಬೇಡಿ, ನೀರು ಕುಡಿಸೋಕೆ ತಲೆ ಎತ್ತಬೇಡಿ. 108ಕ್ಕೆ ಫೋನು ಮಾಡಿ. ಗಾಡಿ ಬರದಿದ್ದರೆ ಒಂದು ಬಾಗಿಲು ಬಿಚ್ಚಿ ತನ್ನಿ. ಒಬ್ಬ ತಲೆ ಕುತ್ತಿಗೆ ಅಲುಗದಂತೆ ಹಿಡಿಯಲಿ, ಮೂವರು ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಅದರ ಮೇಲೆ ಮಲಗಿಸಲಿ.

ಮನೆಗೆ ಬಂದ ಮೇಲೆ ಕೊಲ್ಲೋದು ಬೆನ್ನ ಮೇಲಿನ ಹುಣ್ಣು, ಉಚ್ಚೆಯ ಸೋಂಕು. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಆ ಕೆಲಸ ಅವ್ವನದೋ ಹೆಂಡತಿಯದೋ. ಅವಳು ಕೂಲಿಗೆ ಹೋದರೆ ಅವನಿಗೆ ಹುಣ್ಣು, ಹೋಗದಿದ್ದರೆ ಮನೆಗೆ ಹಸಿವು.

ಹಾಗಂತ ಬದುಕು ಮುಗೀತು ಅನ್ನೋದು ಸುಳ್ಳು. ವೆಲ್ಲೂರಿನ ಡಾಕ್ಟರು ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು, ಪುನರ್ವಸತಿ ಕೇಂದ್ರ ಕಟ್ಟಿಸಿದರು. ಅವರಿಗೆ ಸಿಕ್ಕ ಆರೈಕೆ ಕೇರಿಯ ಕೂಲಿಗೆ ಯಾಕೆ ಸಿಗಬಾರದು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕೆಲಸದಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಜಾಗ ಇಟ್ಟಿದೆ. ತೆಂಗು ಅಭಿವೃದ್ಧಿ ಮಂಡಳಿಯಲ್ಲಿ ಮರ ಹತ್ತುವವರಿಗೆ ಕೇರ ಸುರಕ್ಷಾ ಅನ್ನೋ ವಿಮೆ ಇದೆ. ಮರದ ಮೇಲಿರುವವನಿಗೆ ಇದನ್ನು ಹೇಳಿದವರು ಯಾರು?

ರಜಕ್ಕೆ ಊರಿಗೆ ಹೋದಾಗ ಕೇರಿ ಕೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಎಲ್ಲಿಂದ ಬಿದ್ದರು, ಯಾರ ಕೆಲಸದಲ್ಲಿ ಇದ್ದರು, ಹೇಗೆ ಹೊತ್ತುಕೊಂಡು ಹೋದರು, ಪರಿಹಾರ ಸಿಕ್ತಾ, ಈಗ ಎಲ್ಲಿ ಮಲಗಿದ್ದಾರೆ. ಹೆಸರು ಬೇಡ ಅಂದರೆ ಹೆಸರು ಬಿಡಿ. ಆ ಹಾಳೆ ಮುಂದಿನ ಸಭೆಗೆ ತನ್ನಿ.