ಕೋಟೆಯೊಳಗಿನ ಆ ಸಭಾಂಗಣವನ್ನೂ ನೋಡೋಣ

ಹುದಿಕೇರಿ ಕಡೆಯಿಂದ ಮಡಿಕೇರಿಗೆ ಪ್ರವಾಸ ಹೊರಟರೆ ನಮ್ಮ ಪಟ್ಟಿ ಗೊತ್ತಿದ್ದದ್ದೇ: ರಾಜಾಸೀಟ್, ಅಬ್ಬಿ ಜಲಪಾತ, ಕೋಟೆಯ ಆನೆ ಪ್ರತಿಮೆಗಳ ಮುಂದೊಂದು ಸೆಲ್ಫಿ. ಅದೇ ಕೋಟೆಯಲ್ಲಿ ಹಳೆಯ ವಿಧಾನ ಸಭಾಂಗಣವಿದೆ. 1956ರಲ್ಲಿ ಮೈಸೂರಿನೊಂದಿಗೆ ವಿಲೀನವಾಗುವವರೆಗೆ ಕೊಡಗು ಪ್ರತ್ಯೇಕ ರಾಜ್ಯ. ಅದರ 24 ಸದಸ್ಯರ ವಿಧಾನಸಭೆ ಸೇರುತ್ತಿದ್ದುದು ಇಲ್ಲೇ. ಮಹಿಳೆಯರ ಮತದ ಹಕ್ಕಿನ ಸ್ಮಾರಕವೆಂದು ಯಾರೂ ಇದನ್ನು ಕರೆಯುವುದಿಲ್ಲ. ಕರೆಯಬೇಕು ಎಂಬುದು ನನ್ನ ವಾದ.

1924ರಲ್ಲಿ ಬಂದ ಕೊಡಗು ಶಾಸನ ಪರಿಷತ್ತಿಗೆ ಮತ ಹಾಕಲು ಆಸ್ತಿ, ಕಂದಾಯದ ಅರ್ಹತೆ ಬೇಕಿತ್ತು. 1952ರ ಚುನಾವಣೆಯಲ್ಲಿ ಆ ಲೆಕ್ಕವೇ ಹೋಯಿತು. ತೋಟದ ಯಜಮಾನಿಗೂ ಲೈನ್‌ಮನೆಯ ಕೂಲಿ ಹೆಂಗಸಿಗೂ ಒಂದೊಂದೇ ಮತ! ಇದು ಪುಕ್ಕಟೆ ಸಿಕ್ಕಿದ್ದಲ್ಲ. 1917ರಲ್ಲೇ ಸರೋಜಿನಿ ನಾಯ್ಡು ನೇತೃತ್ವದ ನಿಯೋಗ ಮದ್ರಾಸಿನಲ್ಲಿ ಮಾಂಟೆಗು ಅವರನ್ನು ಕಂಡು ಮತದ ಹಕ್ಕು ಕೇಳಿತ್ತು. ನಮ್ಮ ಪಕ್ಕದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು.

ಹಕ್ಕು ಬಂದ ಮೇಲೂ ದೇಶದ ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಮಹಿಳೆಯರು ಹೊರಗುಳಿದರು. ಸ್ವಂತ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ್ದರು. ಹಳೇ ಕಥೆ ಅನ್ನಿಸುತ್ತದೆಯೇ? ಕೆಲಸಕ್ಕೆಂದು ಬೆಂಗಳೂರು ಸೇರಿದ, ಮದುವೆಯಾಗಿ ಊರು ಬಿಟ್ಟ ಗೆಳತಿಯರನ್ನು ಕೇಳಿ ನೋಡಿ: ನಿನ್ನ ಹೆಸರು ಈಗ ಯಾವ ಮತಗಟ್ಟೆಯ ಪಟ್ಟಿಯಲ್ಲಿದೆ?

ಕಾಲೇಜಿನ ಎನ್‌ಎಸ್‌ಎಸ್ ಘಟಕಗಳು ಮುಂದಿನ ಸಲ ಅನುಮತಿ ಪಡೆದು ಆ ಸಭಾಂಗಣಕ್ಕೂ ನಮ್ಮನ್ನು ಕರೆದೊಯ್ಯಲಿ. ಬಸ್ಸು ಹತ್ತುವ ಮೊದಲು, 18 ತುಂಬಿದವರು ನಮೂನೆ 6 ತುಂಬಿ ಕೊಟ್ಟಿರಲಿ.